ನೇಥನ್ ರೋಡಲ್ಲಿ ಅಪ್ಪಯ್ಯನ ಮೂರು ಪ್ರಶ್ನೆ

ಪ್ರಾಜೆಕ್ಟ್ ಅಂತ ಹಾಂಗ್‌ಕಾಂಗಿಗೆ ಬಂದು ಮೂರು ತಿಂಗಳಾಯ್ತು. ಆಫೀಸು, ರೂಮು, ಮತ್ತೆ ಆಫೀಸು... ಅಷ್ಟೇ ಆಗಿತ್ತು. ಕಳೆದ ಭಾನುವಾರ ಮಾತ್ರ, ಏನಾದ್ರೂ ಆಗ್ಲಿ ಇವತ್ತು ಕಾಲು ನೋಯುವಷ್ಟು ತಿರುಗಲೇಬೇಕು ಅಂತ ಜೋರ್ಡನ್ ಸ್ಟೇಷನ್ನಿನಲ್ಲಿ ಇಳಿದು, ನೇಥನ್ ರೋಡು ಹಿಡಿದು ಸಮುದ್ರದ ಕಡೆ ಹೊರಟೆ. ಮುಂದೆ ಸಿಗೋ ಜಾಗದ ಹೆಸರು ಚಿಮ್ ಶಾ ತ್ಸುಯ್. ನನ್ನ ನಾಲಿಗೆ ಇನ್ನೂ ಅದಕ್ಕೆ ಹೊರಳುವುದಿಲ್ಲ. ಎಲ್ಲರ ಹಾಗೆ ನಾನೂ ‘ಟಿ.ಎಸ್.ಟಿ.’ ಅಂದು ಬಚಾವಾಗ್ತೀನಿ :)

ಮ್ಯಾಥ್ಯೂ ನೇಥನ್ ಅನ್ನುವವನು 1904ರಿಂದ 1907ರವರೆಗೆ ಇಲ್ಲಿ ಗವರ್ನರ್ ಆಗಿದ್ದ. ಜನವೇ ಇಲ್ಲದ ಕಡೆ ಇಷ್ಟಗಲದ ರೋಡು ಯಾಕಪ್ಪಾ ಅಂತ ಆಗ ಎಲ್ಲರೂ ನಕ್ಕಿದ್ದರಂತೆ. ಈಗ ನೋಡಿದರೆ ಕಾಲಿಡಲು ಜಾಗ ಇಲ್ಲ. ಚಿನ್ನದಂಗಡಿ, ಔಷಧಿ ಅಂಗಡಿ, ವಾಚಿನಂಗಡಿ, ಡಬಲ್ ಡೆಕರ್ ಬಸ್ಸುಗಳು, ಸೂಟ್‌ಕೇಸ್ ಎಳೆದುಕೊಂಡು ಹೋಗುವವರು. ಬಲಗಡೆ ಕೌಲೂನ್ ಪಾರ್ಕಿನ ಪಕ್ಕ ಆಲದ ಮರಗಳು. ನಮ್ಮೂರಿನ ಕಟ್ಟೆ ನೆನಪಾಯ್ತು. ಅಲ್ಲೇ ಮೂಲೆಯಲ್ಲಿ ಬಿಳಿ ಮಸೀದಿ. ಈಗಿನ ಕಟ್ಟಡ 1984ರದ್ದು. ಆದರೆ ಮೊದಲ ಮಸೀದಿ ಕಟ್ಟಿದ್ದು 1896ರಲ್ಲಿ, ಬ್ರಿಟಿಷ್ ಸೈನ್ಯದಲ್ಲಿದ್ದ ಇಂಡಿಯಾದ ಮುಸ್ಲಿಂ ಸಿಪಾಯಿಗಳಿಗಾಗಿ. ಅಂದರೆ ನಮ್ಮವರು ಇಲ್ಲಿಗೆ ಬಂದದ್ದು ಸಾಫ್ಟ್‌ವೇರ್ ಬಂದ ಮೇಲಲ್ಲ!

ಸ್ವಲ್ಪ ಮುಂದೆ ಎಡಕ್ಕೆ ಚುಂಗ್‌ಕಿಂಗ್ ಮ್ಯಾನ್ಶನ್ಸ್. 1961ರಲ್ಲಿ ಕಟ್ಟಿದ 17 ಮಹಡಿಯ ಬಿಲ್ಡಿಂಗು. ಕೆಳಗೆ ಹಣ ಬದಲಿಸುವವರು, ಸಿಮ್ ಕಾರ್ಡು, ಮೊಬೈಲು, ಸಮೋಸ. ಮೇಲೆಲ್ಲ ಬೆಂಕಿಪೊಟ್ಟಣದಂಥ ರೂಮುಗಳ ಗೆಸ್ಟ್‌ಹೌಸುಗಳು. ಲಿಫ್ಟಿಗೆ ತಿರುಪತಿಯ ಕ್ಯೂ. ಗೋರ್ಡನ್ ಮ್ಯಾಥ್ಯೂಸ್ ಎಂಬ ಪ್ರೊಫೆಸರ್ ಈ ಒಂದು ಬಿಲ್ಡಿಂಗಿನ ಮೇಲೆಯೇ 2011ರಲ್ಲಿ ಪುಸ್ತಕ ತಂದಿದ್ದಾರೆ. ಅವರು ಗೆಸ್ಟ್‌ಹೌಸುಗಳ ರಿಜಿಸ್ಟರ್ ನೋಡಿ ಲೆಕ್ಕ ಹಾಕಿದಾಗ 129 ದೇಶದವರು ಸಿಕ್ಕರಂತೆ.

ಬಾಗಿಲಲ್ಲೇ ಒಬ್ಬ ಹುಡುಗ, ಕೈಯಲ್ಲಿ ಮೆನು ಕಾರ್ಡು. “ಭಯ್ಯಾ, ಇಂಡಿಯಾ ಸೇ? ಖಾನಾ ಖಾಯೇಂಗೇ?” ಅಂದ. ನಾನು “ಸಾರಿ, ನೋ ಹಿಂದಿ” ಅಂತ ಇಂಗ್ಲಿಷಿನಲ್ಲಿ ಹೇಳಿ ಮುಂದೆ ನಡೆದೆ. ಸುಳ್ಳು. ಹಿಂದಿ ಚೆನ್ನಾಗೇ ಬರುತ್ತೆ. ನಿಜ ಹೇಳಬೇಕೆಂದರೆ ಮೂರು ತಿಂಗಳಿಂದ ಇದೇ ಮಾಡ್ತಾ ಬಂದಿದ್ದೆ. ರಸ್ತೆಯಲ್ಲಿ ನಮ್ಮವರ ಮುಖ ಕಂಡರೆ ಮೊಬೈಲು ನೋಡುವುದು, ಕತ್ತಿನಲ್ಲಿರುವ ಆಫೀಸ್ ಐಡಿ ಕಾಣುವ ಹಾಗೆ ನಡೆಯುವುದು. ನಾನು ಆ ಪೈಕಿ ಅಲ್ಲ ಅಂತ ಯಾರಿಗೆ ತೋರಿಸ್ತಿದ್ದೆನೋ...

ಹತ್ತು ಹೆಜ್ಜೆ ಇಡುವುದರೊಳಗೆ ಅಪ್ಪಯ್ಯನ ವಿಡಿಯೋ ಕಾಲ್. ಇಲ್ಲಿ ಸಂಜೆ ಐದು, ಅಲ್ಲಿ ಮಧ್ಯಾಹ್ನ ಎರಡೂವರೆ. ಕುಂದಾಪುರದಲ್ಲಿ ಕ್ಯಾಂಟೀನಿನ ಊಟದ ಗಡಿಬಿಡಿ ಮುಗಿಸಿ ಕೂತಿದ್ದರು. ಪೇಟೆ ತೋರಿಸು ಅಂದರು. ನಿಂತಲ್ಲೇ ಫೋನು ಸುತ್ತ ತಿರುಗಿಸಿದೆ.

“ಅಲ್ಲ್ ಕಾರ್ಡ್ ಹಿಡ್ಕಂಡ್ ನಿಂತವ ಯಾರ್ ಮಾರಾಯಾ? ನಮ್ ಬದಿಯವನ್ ಹಾಂಗ್ ಕಾಣ್ತಾ. ಮಾತಾಡ್ಸಿದ್ಯಾ?”

“ಇಲ್ಲ ಅಪ್ಪಯ್ಯ. ಅವ್ರ್ ಗಿರಾಕಿ ಕರಿಯುಕೆ ನಿಂತ್ಕಂಡದ್.”

“ಅದ್ ಗೊತ್ತಾಯ್ತ್. ಫೋನ್ ಕೊಡ್ ಅವನಿಗೆ.”

ಎಷ್ಟು ಮುಜುಗರ ಅಂತೀರಿ! ಈಗಷ್ಟೇ ಹಿಂದಿ ಬರಲ್ಲ ಅಂದವನು ವಾಪಸ್ ಹೋಗಿ, “ಮೇರೇ ಪಿತಾಜೀ... ಆಪ್ ಸೇ ಬಾತ್...” ಅಂತ ತೊದಲಿದೆ. ಅವನು ನಕ್ಕ. ಅಣಕದ ನಗು ಅಲ್ಲ. ಅಭ್ಯಾಸ ಆಗಿರಬೇಕು.

ಅಪ್ಪಯ್ಯನದ್ದು ಬೊಂಬಾಯಿ ಹಿಂದಿ. ಹೆಸರು, ಊರು ಕೇಳಿದ ಮೇಲೆ ಮೂರೇ ಪ್ರಶ್ನೆ. ಎಲ್ಲಿ ಮಲಗ್ತಿ? ಊಟ ಎಷ್ಟು ಹೊತ್ತಿಗೆ? ಮನೆಗೆ ಕಳಿಸೋಕೆ ಏನಾದ್ರೂ ಉಳಿಯುತ್ತಾ? ಹುಡುಗ ಉತ್ತರಾಖಂಡದವನು. ಮೇಲೆ ಒಂದು ರೂಮಿನಲ್ಲಿ ಆರು ಜನ, ಮಂಚದ ಮೇಲೆ ಮಂಚ. ಹೋಟೆಲ್ ಮುಚ್ಚಿದ ಮೇಲೆ ಹನ್ನೊಂದು ಗಂಟೆಗೆ ಊಟ. ತಂಗಿಯ ಮದುವೆಗೆ ಅಂತ ಕೂಡಿಡ್ತಾ ಇದಾನೆ. “ಅಂಕಲ್‌ಜೀ, ಎರಡು ವರ್ಷದಲ್ಲಿ ಇದನ್ನ ಕೇಳಿದೋರು ನೀವೇ ಮೊದಲು” ಅಂದ. ನಾನು ಪಕ್ಕದಲ್ಲೇ ನಿಂತು ಮಸೀದಿ ಕಡೆ ನೋಡ್ತಾ ಇದ್ದೆ.

ಅಪ್ಪಯ್ಯನಿಗೆ ಈ ಪ್ರಶ್ನೆಗಳು ಪುಸ್ತಕದಿಂದ ಬಂದದ್ದಲ್ಲ. ಕೊಂಕಣ ರೈಲು ಇಲ್ಲದ ಕಾಲದಲ್ಲಿ, ಹದಿಮೂರನೇ ವಯಸ್ಸಿಗೆ ಬಸ್ಸು ಹತ್ತಿ ಬೊಂಬಾಯಿಗೆ ಹೋಗಿ, ಕೋಟೆಯ ಕಡೆ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿದವರು. ರಾತ್ರಿ ಕನ್ನಡ ಶಾಲೆ, ಆಮೇಲೆ ಅದೇ ಟೇಬಲುಗಳ ಮೇಲೆ ನಿದ್ದೆ. ಈ ಕಥೆ ನೂರು ಸಲ ಕೇಳಿದ್ದೇನೆ. ನನ್ನ ಇಂಜಿನಿಯರಿಂಗ್ ಫೀಸು ಬಂದದ್ದೂ ಅಲ್ಲಿಂದ ಶುರುವಾದ ದುಡ್ಡಿನಿಂದಲೇ. ಆದರೆ ಆ ಹೋಟೆಲಿನ ಬಾಗಿಲಲ್ಲಿ ಯಾರೋ ಒಬ್ಬ ಅಪ್ಪಯ್ಯನಿಗೂ “ಸಾರಿ, ನೋ ಹಿಂದಿ” ಅಂದಿರಬಹುದು ಅಂತ ಒಮ್ಮೆಯೂ ಹೊಳೆದಿರಲಿಲ್ಲ.

ಫೋನ್ ಇಡುವ ಮೊದಲು ಅಪ್ಪಯ್ಯ ನನಗೆ ಬೈಯಲಿಲ್ಲ. “ಹುಷಾರಾಗ್ ರೂಮಿಗ್ ಹೋಗ್” ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಹಾಗೇ ಸಮುದ್ರದವರೆಗೆ ನಡೆದೆ. ಹಳೇ ರೈಲ್ವೆ ಸ್ಟೇಷನ್ನನ್ನು 1978ರಲ್ಲಿ ಕೆಡವಿದಾಗ ಉಳಿಸಿಕೊಂಡ ಗಡಿಯಾರದ ಗೋಪುರ ಒಂಟಿಯಾಗಿ ನಿಂತಿದೆ. ಪಕ್ಕದಲ್ಲೇ ಸ್ಟಾರ್ ಫೆರ್ರಿ. ಹಸಿರು ಬಿಳಿ ಬಣ್ಣದ ಹಳೇ ದೋಣಿ, ಹಿಂದೆ ಮುಂದೆ ಮಗುಚುವ ಮರದ ಬೆಂಚು. ಈ ಫೆರ್ರಿ ಶುರು ಮಾಡಿದವನು ದೋರಾಬ್ಜಿ ನವರೋಜಿ ಎಂಬ ಪಾರ್ಸಿ. ಬೊಂಬಾಯಿಯಿಂದ ಹಡಗಿನಲ್ಲಿ ಕದ್ದು ಕೂತು ಬಂದ ಹುಡುಗ ಅಂತ ಕಥೆ ಇದೆ. ಎದುರು ದಡದ ದೀಪಗಳು ಒಂದೊಂದೇ ಹೊತ್ತಿಕೊಳ್ತಿದ್ದವು. ಫೋಟೋ ತೆಗೆಯೋ ಮನಸ್ಸಾಗಲಿಲ್ಲ.

ಬರೋ ಭಾನುವಾರ ಊಟಕ್ಕೆ ಬರ್ತೀನಿ ಅಂತ ಆ ಹುಡುಗನಿಗೆ ಹೇಳಿದ್ದೇನೆ. ಅವನ ಹೆಸರು ಮಾತ್ರ ಕಿವಿಗೇ ಹಾಕಿಕೊಂಡಿರಲಿಲ್ಲ. ಅಪ್ಪಯ್ಯನಿಗೆ ಗೊತ್ತಿರುತ್ತೆ. ಫೋನ್ ಮಾಡಿ ಕೇಳ್ಬೇಕು.