ಕೋಳಿಗೇನೂ ಆಗಿಲ್ಲ, ಟರ್ಕಿ ಸತ್ತಿದೆ

ದೊಡ್ಡಬಳ್ಳಾಪುರದ ಕಡೆಯ ಒಂದು ತೋಟದ ಮನೆ. ಒಂದೇ ಅಂಗಳ, ಒಂದೇ ನೀರಿನ ಬೋಗುಣಿ, ಒಂದೇ ತಿಪ್ಪೆ. ನಾಟಿ ಕೋಳಿಗಳು ಕೆದಕಿಕೊಂಡು ಆರಾಮಾಗಿವೆ. ಟರ್ಕಿ ಮರಿಗಳು ಮಾತ್ರ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಮೂಲೆ ಹಿಡಿದಿವೆ. ಹಿಕ್ಕೆ ಗಂಧಕದ ಹಳದಿ. ಸಾಕಿದ ಅಕ್ಕ ಕೇಳುತ್ತಾರೆ: "ಕೋಳಿಗೇನೂ ಆಗಿಲ್ವಲ್ಲಣ್ಣ, ಕಾಯಿಲೆ ಬಂದದ್ದು ಎಲ್ಲಿಂದ?"

*

ಸತ್ತ ಮರಿಯೊಂದನ್ನು ಪಶುವೈದ್ಯರು ಕೊಯ್ದು ತೋರಿಸಿದರು. ಈಲಿಯ ತುಂಬ ದುಂಡನೆಯ ಕಲೆಗಳು. ನಡುಭಾಗ ಕುಸಿದಿದೆ, ಅಂಚು ಉಬ್ಬಿದೆ. ಸಣ್ಣ ಕರುಳು ಮುಗಿಯುವಲ್ಲಿ ಕವಲೊಡೆಯುವ ಎರಡು ಕುರುಡು ಚೀಲಗಳು, ಅಂದರೆ ಸೀಕಮ್‌ಗಳು, ಊದಿ ದಪ್ಪಗಾಗಿವೆ. ಕತ್ತರಿಸಿದರೆ ಒಳಗೆ ಗಿಣ್ಣಿನಂಥ ಗಟ್ಟಿ ಮುದ್ದೆ. ಬ್ಲ್ಯಾಕ್‌ಹೆಡ್ ರೋಗ ಎಂದರು. ಕಾರಣ ಹಿಸ್ಟೊಮೊನಾಸ್ ಎಂಬ ಏಕಕೋಶದ ಪರಾವಲಂಬಿ, ಪ್ರೋಟೋಜೋವ. ಟರ್ಕಿ ಹಿಂಡಿಗೆ ಹೊಕ್ಕರೆ ಬಹುಪಾಲು ಹಕ್ಕಿಗಳನ್ನು ಮುಗಿಸಿಬಿಡಬಲ್ಲದು.

*

ಅದೇ ಮನೆಯಲ್ಲಿ ಸಾರಿಗೆಂದು ಕೊಯ್ದ ಕೋಳಿಯ ಸೀಕಮ್ ಬಿಡಿಸಿ ನೋಡಿದೆ. ಗೋಡೆ ತೆಳ್ಳಗೆ, ಈಲಿ ಸ್ವಚ್ಛ. ಆದರೆ ಚೀಲದ ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಉದ್ದದ ಸಪೂರ ಬಿಳಿ ಹುಳುಗಳು, ಇನ್ನೂ ಮಿಸುಕುತ್ತಿದ್ದವು. ಹೆಟೆರಾಕಿಸ್. ಕೋಳಿಗೆ ಇದರಿಂದ ಹೇಳಿಕೊಳ್ಳುವಂಥ ತೊಂದರೆ ಇಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಈ ಹುಳುವಿನ ಮೇಲೆಯೇ ನನ್ನ ಗುಮಾನಿ ನಿಂತಿದೆ.

*

ಓದಿದ್ದು: ಅಮೆರಿಕದ ರೋಡ್ ಐಲೆಂಡಿನಲ್ಲಿ 1890ರ ದಶಕದಲ್ಲಿ ಟರ್ಕಿಗಳು ಹೀಗೆಯೇ ಸಾಯುತ್ತಿದ್ದವು. 1895ರಲ್ಲಿ ಥಿಯೋಬಾಲ್ಡ್ ಸ್ಮಿತ್ ಎಂಬ ವಿಜ್ಞಾನಿ ಈ ಏಕಕೋಶ ಜೀವಿಯನ್ನು ಗುರುತಿಸಿ ವಿವರಿಸಿದ. ಅಮೀಬಾ ಜಾತಿಯದೆಂದು ಭಾವಿಸಿದ. ದನಗಳ ಟೆಕ್ಸಾಸ್ ಜ್ವರವನ್ನು ಹರಡುವುದು ಉಣ್ಣಿ ಎಂದು 1893ರಲ್ಲಿ ಸಹೋದ್ಯೋಗಿಯ ಜೊತೆ ತೋರಿಸಿಕೊಟ್ಟವನೂ ಇದೇ ಸ್ಮಿತ್. ಒಂದು ಪರಾವಲಂಬಿ ಇನ್ನೊಂದು ಜೀವಿಯ ಹೆಗಲೇರಿ ಬರುತ್ತದೆಂದು ಅವನಷ್ಟು ಬಲ್ಲವರು ಆ ಕಾಲದಲ್ಲಿ ವಿರಳ. ಆದರೂ ಟರ್ಕಿಯ ವಿಷಯದಲ್ಲಿ ಆ ಇನ್ನೊಂದು ಜೀವಿ ಕೈಗೆ ಸಿಗಲು 1920 ಬರಬೇಕಾಯಿತು. ಗ್ರೇಬಿಲ್ ಎಂಬ ಸಂಶೋಧಕನ ಜೊತೆ ಸೇರಿ ಸ್ಮಿತ್ ಹೆಟೆರಾಕಿಸ್ ಹುಳುವಿನ ಮೊಟ್ಟೆಗಳನ್ನು ಟರ್ಕಿಗಳಿಗೆ ತಿನ್ನಿಸಿದಾಗ ರೋಗ ಬಂತು. ಅದೇ ವರ್ಷ ಟೈಝರ್ ಎಂಬ ಇನ್ನೊಬ್ಬ ಸಂಶೋಧಕ, ಈ ರೋಗಾಣು ಅಮೀಬಾ ಅಲ್ಲ, ಬಾಲದಂಥ ಕಶಾಂಗವಿರುವ ಗುಂಪಿನದು ಎಂದು ಹೇಳಿ ಈಗಿನ ಹೆಸರಿಟ್ಟ.

*

ಸರಪಣಿಯನ್ನು ಬರೆದುಕೊಳ್ಳುತ್ತೇನೆ, ಇಲ್ಲವಾದರೆ ತಪ್ಪಿಹೋಗುತ್ತದೆ. ಹಿಸ್ಟೊಮೊನಾಸ್ ಕೋಳಿಯ ಸೀಕಮ್ಮಿನಲ್ಲಿದೆ. ಅಲ್ಲೇ ವಾಸವಿರುವ ಹುಳು ಅದನ್ನು ನುಂಗುತ್ತದೆ. ಹುಳುವಿನ ಹೊಟ್ಟೆಯಲ್ಲಿ ಜೀರ್ಣವಾಗುವ ಬದಲು ಅದು ಹುಳುವಿನ ಅಂಡಾಶಯಕ್ಕೆ ನುಗ್ಗಿ, ಮೊಟ್ಟೆಯ ಒಳಗೇ ಸೇರಿಕೊಳ್ಳುತ್ತದೆ. ಮೊಟ್ಟೆ ಹಿಕ್ಕೆಯೊಂದಿಗೆ ನೆಲಕ್ಕೆ. ಬರೀ ಹಿಸ್ಟೊಮೊನಾಸ್ ಹೊರಗೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಹುಳುವಿನ ಮೊಟ್ಟೆಯೊಳಗಿದ್ದರೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಆ ಮೊಟ್ಟೆಯನ್ನು ಎರೆಹುಳು ತಿಂದರೆ ಮರಿ ಅದರ ಮೈಯೊಳಗೆ ಕಾದಿರುತ್ತದೆ. ಮಳೆ ಬಿದ್ದ ಮೇಲೆ ಎರೆಹುಳುಗಳು ಮೇಲಕ್ಕೆ ಬರುತ್ತವೆ, ಟರ್ಕಿ ಮರಿ ಆಸೆಯಿಂದ ಹೆಕ್ಕುತ್ತದೆ.

ಹೀಗಾಗಿ ಕಳೆದ ವರ್ಷ ಮಾರಿದ ಕೋಳಿಯಿಂದಲೂ ಈ ವರ್ಷದ ಟರ್ಕಿಗೆ ರೋಗ ಬರಬಹುದು. ಅಕ್ಕನಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಅಂಗಳವನ್ನೇ ನೋಡಿದರು.

*

ಟರ್ಕಿಯಿಂದ ಟರ್ಕಿಗೆ? ಇಲ್ಲಿ ಹುಳುವೂ ಬೇಕಿಲ್ಲ. ಗುದದ್ವಾರ ಹಿಗ್ಗಿ ಕುಗ್ಗುವಾಗ ನೆಲದ ಮೇಲಿನ ತೇವದ ಹಿಕ್ಕೆಯ ಅಂಶ ಒಳಕ್ಕೆ ಎಳೆದುಕೊಳ್ಳುತ್ತದೆ, ಅದರೊಂದಿಗೆ ರೋಗವೂ. ಒಂದು ಮರಿ ಬಿದ್ದ ಮೇಲೆ ಶೆಡ್ಡಿನ ಉಳಿದವು ಸಾಲಾಗಿ ಬೀಳುವುದು ಇದರಿಂದ.

*

ಕೋಳಿ ತಡೆದುಕೊಳ್ಳುತ್ತದೆ, ಟರ್ಕಿ ಯಾಕೆ ತಡೆಯದು? ಕೋಳಿಯ ಮೂಲ ಏಷ್ಯಾದ ಕೆಂಪು ಕಾಡುಕೋಳಿ, ಟರ್ಕಿ ಅಮೆರಿಕದ ಹಕ್ಕಿ. ಮನುಷ್ಯರು ತಂದು ಒಂದೇ ಅಂಗಳಕ್ಕೆ ಬಿಡುವ ತನಕ ಅವು ಒಂದನ್ನೊಂದು ಕಂಡಿರಲಿಲ್ಲ. ಹಳೆಯ ಪರಿಚಯದಿಂದ ಕೋಳಿಗೆ ಸಹಿಸುವ ಶಕ್ತಿ ಬಂದಿರಬಹುದು ಎಂಬುದು ನನ್ನ ಊಹೆ. ಕೋಳಿಗೂ ಕೆಲವೊಮ್ಮೆ ಜೋರಾಗಿ ಬರುವುದುಂಟು, ಮೊಟ್ಟೆ ಕಡಿಮೆಯಾಗುವುದೂ ಉಂಟು.

*

ಹಕ್ಕಿಯಿಂದ ರೋಗ ದಾಟುವುದು ಹೇಗೆ ಎಂದರೆ, ಎಲ್ಲ ಪ್ರೋಟೋಜೋವಕ್ಕೂ ಇದೇ ಉತ್ತರ ಹೊಂದದು. ಪಾರಿವಾಳದ ಗಂಟಲಿನ ಟ್ರೈಕೊಮೊನಾಸ್, ತಾಯಿ-ತಂದೆ ಮರಿಗೆ ಕುಟುಕು ಕೊಡುವಾಗಲೇ ಬಾಯಿಂದ ಬಾಯಿಗೆ ದಾಟುತ್ತದೆ. ಆ ಪಾರಿವಾಳವನ್ನು ಹಿಡಿದು ತಿನ್ನುವ ಗಿಡುಗಕ್ಕೂ ಅಂಟುತ್ತದೆ. ಟಾಕ್ಸೊಪ್ಲಾಸ್ಮಾ ಎಂಬ ಇನ್ನೊಂದು ಪ್ರೋಟೋಜೋವ ಇದಕ್ಕೆ ತದ್ವಿರುದ್ಧ. ಮಣ್ಣು ಕೆದಕುವ ಕೋಳಿಯ ಹೃದಯ, ಮಿದುಳಿನಲ್ಲಿ ಅದು ಕುಳಿತಿರಬಹುದು, ಆದರೆ ಕೋಳಿಯ ಹಿಕ್ಕೆಯಲ್ಲಿ ಹೊರಬೀಳುವುದಿಲ್ಲ. ಅದನ್ನು ಮಲದಲ್ಲಿ ಚೆಲ್ಲುವುದು ಬೆಕ್ಕಿನ ಕುಲದ ಪ್ರಾಣಿಗಳು ಮಾತ್ರ. ಕೋಳಿಯಿಂದ ಅದು ದಾಟಬೇಕಾದರೆ ಯಾರಾದರೂ ಆ ಮಾಂಸವನ್ನು ಹಸಿಯಾಗಿಯೋ ಅರೆಬೆಂದೋ ತಿನ್ನಬೇಕು. ಬಾಡಿನ ಚೂರುಪಾರನ್ನು ಬೆಕ್ಕಿಗೆ ಎಸೆಯುವ ನಮ್ಮ ರೂಢಿ ಇಲ್ಲಿ ನೆನಪಾಗಿ ಕಳವಳವಾಯಿತು.

ಆಶ್ರಯ ಕೊಡುವುದು ಬೇರೆ, ಹರಡುವುದು ಬೇರೆ. ಇವೆರಡನ್ನೂ ಒಂದೇ ಪ್ರಶ್ನೆಯಾಗಿ ಕೇಳಿದ್ದರಿಂದಲೇ ನನಗೆ ಇಷ್ಟು ದಿನ ಗೊಂದಲ.

*

ಅಕ್ಕ ಕೇಳಿದ್ದು: ಕೋಳಿಗಳಿಗೆ ಜಂತುಹುಳದ ಔಷಧಿ ಹಾಕಿದರೆ ಸಾಕೇ? ಹುಳು ಕಡಿಮೆಯಾಗುತ್ತದೆ, ಹಾಕುವುದು ಒಳ್ಳೆಯದೇ. ಮಣ್ಣಿನಲ್ಲಿರುವ ಮೊಟ್ಟೆಗೆ ಅದು ತಾಗುವುದಿಲ್ಲ. ರೋಗವನ್ನೇ ನೇರವಾಗಿ ತಡೆಯುವ ಔಷಧಿಯಾಗಿ ಅಮೆರಿಕದಲ್ಲಿ ಕೊನೆಗೆ ಉಳಿದಿದ್ದ ನೈಟಾರ್ಸೋನ್ ಎಂಬ ಆರ್ಸೆನಿಕ್ ಸಂಯುಕ್ತವನ್ನೂ 2015ರಲ್ಲಿ ಮಾರುಕಟ್ಟೆಯಿಂದ ತೆಗೆದರು.

ಇನ್ನೊಂದು ತೊಡಕು. ಟರ್ಕಿ ಮೊಟ್ಟೆಯನ್ನು ಅವರು ನಾಟಿ ಹೇಟೆಯ ಕಾವಿಗೆ ಇಡುತ್ತಾರೆ. 28 ದಿನ ಕೂತು ಮರಿ ಮಾಡುವುದೂ ಅದೇ, ತಿಪ್ಪೆಗೆ ಕರೆದೊಯ್ದು ಕೆದಕಲು ಕಲಿಸುವುದೂ ಅದೇ. ಕಾವಿಗೆ ಕೂರಿಸಿದರೂ ಮರಿ ಒಡೆದ ದಿನವೇ ಬೇರೆ ಮಾಡಿ ಎಂದೆ. ನೆಲದಿಂದ ಎತ್ತರಿಸಿದ, ಜಾಲರಿ ತಳದ ಗೂಡು ಮಾಡಿಸಲು ಒಪ್ಪಿದ್ದಾರೆ. ಬಡಗಿಗೆ ಅಳತೆ ಬರೆದುಕೊಟ್ಟಿದ್ದೇನೆ.