ಏಳಲೊಲ್ಲದ ಯಂತ್ರ

ಮನೆಯಲ್ಲಿ ಬಳಸುವ ವಸ್ತುಗಳು ಕೆಟ್ಟಾಗ ತಮ್ಮ ಕೇಡನ್ನು ತಾವೇ ತೋರಿಸಿಕೊಡುವುದು ಸಾಮಾನ್ಯ. ಬೀಸುವ ಕಲ್ಲಿನ ಗೂಟ ಸಡಿಲಾದರೆ ಕೈಗೆ ತಿಳಿಯುವುದು. ಬಾವಿಯ ರಾಟೆ ಎಣ್ಣೆ ಬೇಡಿದರೆ ಕಿವಿಗೆ ಕೇಳುವುದು. ಗೋಡೆಯ ಗಡಿಯಾರ ನಿಂತರೂ ನಿಂತ ಗಳಿಗೆಯನ್ನು ಮುಖದ ಮೇಲೆ ಧರಿಸಿಕೊಂಡಿರುವುದು. ಕಂಪ್ಯೂಟರಿನ ಸ್ವಭಾವವೇ ಬೇರೆ. ನಿನ್ನೆ ರಾತ್ರಿಯವರೆಗೆ ಹೇಳಿದಂತೆ ಕೇಳುತ್ತಿದ್ದುದು ಇಂದು ಬೆಳಿಗ್ಗೆ ಗುಂಡಿಯನ್ನೊತ್ತಿದರೆ ಒಳಗಿನ ಪಂಕವನ್ನು ತಿರುಗಿಸುತ್ತದೆ, ಹಸುರು ದೀಪವನ್ನು ಹೊತ್ತಿಸುತ್ತದೆ; ತೆರೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಜೀವವಿದೆಯೋ ಇಲ್ಲವೋ ಎಂಬುದೇ ಸಂಶಯ.

ಇದಕ್ಕೆ ‘ಬೂಟ್ ಆಗುತ್ತಿಲ್ಲ’ ಎನ್ನುವುದು ರೂಢಿಯ ಮಾತು. ಪಾದರಕ್ಷೆಗಳನ್ನು ಹೊಸ್ತಿಲಿನಾಚೆ ಬಿಟ್ಟು ಬರುವ ಮನೆಗಳಲ್ಲಿ ಇದು ತುಸು ವಿಚಿತ್ರವಾಗಿಯೇ ಕೇಳಿಸುತ್ತದೆ. ತನ್ನ ಬೂಟಿನ ಹಿಂಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ನೆಲದಿಂದ ಎತ್ತಿಕೊಳ್ಳುವವನನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಮಾತುಂಟು. ಅದರಿಂದ ಈ ಹೆಸರು ಹುಟ್ಟಿತು. ಹೆಸರು ಅನ್ವರ್ಥವಾದುದೇ. ವಿದ್ಯುತ್ತು ಹರಿದೊಡನೆ ಯಂತ್ರಕ್ಕೆ ತಾನು ಯಾರೆಂಬುದೂ ತಿಳಿದಿರುವುದಿಲ್ಲ. ಅಳಿಯದಂತೆ ಬರೆದಿಟ್ಟ ಒಂದು ಸಣ್ಣ ಬಿಲ್ಲೆಯೊಳಗಿನ ಕೆಲವು ಆಜ್ಞೆಗಳನ್ನು ಮೊದಲು ಓದಿಕೊಳ್ಳುತ್ತದೆ. ಅವು ನೆನಪಿನ ಪಟ್ಟಿ ನೆಟ್ಟಗಿದೆಯೇ, ಕೀಲಿಮಣೆ ಇದೆಯೇ, ತೆರೆ ಇದೆಯೇ ಎಂದು ವಿಚಾರಿಸಿ, ತರುವಾಯ ಡಿಸ್ಕಿನ ಮೊದಲನೆಯ ತುಣುಕನ್ನು ಓದುತ್ತವೆ. ಆ ತುಣುಕಿನಲ್ಲಿ ಹಿಡಿಸುವುದು 512 ಅಕ್ಷರಗಳಷ್ಟು ಮಾತ್ರ. ಅದು ತನಗಿಂತ ದೊಡ್ಡದನ್ನೂ, ಆ ದೊಡ್ಡದು ಇನ್ನೂ ದೊಡ್ಡದನ್ನೂ ಕರೆತರುತ್ತ, ಕಡೆಗೆ ಯಜಮಾನನ ಪರಿಚಿತವಾದ ಚಿತ್ರ ತೆರೆಯ ಮೇಲೆ ಮೂಡುತ್ತದೆ. 1981ರಲ್ಲಿ ಐಬಿಎಂ ಕಂಪೆನಿಯವರು ಹೊರತಂದ ಯಂತ್ರದಿಂದ ಮೊದಲ್ಗೊಂಡು ಬಹುಕಾಲ ಮನೆಗಳಲ್ಲಿ ನಡೆದುಬಂದ ಕ್ರಮ ಇದು. ಈಚಿನ ಯಂತ್ರಗಳಲ್ಲಿ ವಿವರಗಳು ಬದಲಾಗಿವೆ. ಈ ಸರಪಣಿಯಲ್ಲಿ ಯಾವ ಕೊಂಡಿ ಕಳಚಿದರೂ ನೋಡುವವರಿಗೆ ಕಾಣುವುದು ಒಂದೇ ಕತ್ತಲೆ.

ತೀರ್ಥಹಳ್ಳಿಯ ಸಮೀಪದ ಒಂದು ಮನೆಯಲ್ಲಿ 2019ರ ಆಷಾಢದ ಮಳೆಯಲ್ಲಿ ಇಂಥ ಕತ್ತಲೆ ಕವಿಯಿತು. ಮನೆಯ ಹಿರಿಯರು ಮೂವತ್ತು ವರ್ಷ ಉಪಾಧ್ಯಾಯ ವೃತ್ತಿಯಲ್ಲಿದ್ದು ವಿಶ್ರಾಂತರಾದವರು. ಯಂತ್ರವನ್ನು 2005ರಲ್ಲಿ ಕೊಂಡದ್ದು. ಅದರೊಳಗಿನ ವಿಂಡೋಸ್ ಎಕ್ಸ್‌ಪಿಯನ್ನು ತಯಾರಕರೇ 2014ರಲ್ಲಿ ಕೈಬಿಟ್ಟಿದ್ದರೂ, ನುಡಿ ತಂತ್ರಾಂಶಕ್ಕೆ ಪಳಗಿದ ಬೆರಳುಗಳನ್ನು ಮತ್ತೊಂದಕ್ಕೆ ತಿದ್ದುವ ಉತ್ಸಾಹ ಅವರಿಗಿರಲಿಲ್ಲ. ಅಡಿಕೆಯ ಲೆಕ್ಕಪತ್ರಗಳು ಹೋಗಿದ್ದರೆ ಅವರು ಅಷ್ಟು ಕಳವಳಪಡುತ್ತಿರಲಿಲ್ಲ. ಅವರ ತಾಯಿ ಹಾಡುತ್ತಿದ್ದ ಹಾಡುಗಳು, ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಸುವಾಗಿನ ಪದ ಎಲ್ಲ ಸೇರಿ 214, ಅದರಲ್ಲಿದ್ದುವು. ಆಕೆ ತೀರಿಕೊಳ್ಳುವ ಮೊದಲು ಎದುರಿಗೆ ಕುಳ್ಳಿರಿಸಿಕೊಂಡು ಬರೆದುಕೊಂಡ ನೋಟುಪುಸ್ತಕಗಳನ್ನು ಗೆದ್ದಲು ತಿಂದಿತ್ತು. 2008ರಲ್ಲಿ ಸಿ.ಡಿ.ಯೊಂದಕ್ಕೆ ತೆಗೆದಿಟ್ಟ ಪ್ರತಿ ಮಲೆನಾಡಿನ ಥಂಡಿಯಲ್ಲಿ ಬೂಸ್ಟು ಹಿಡಿದು ಓದಲು ಬಾರದಂತಾಗಿತ್ತು.

ಪೇಟೆಯ ಅಂಗಡಿಯವನು ಫೋನಿನಲ್ಲಿಯೇ ಪರಿಹಾರ ಹೇಳಿದನು: ತಂದುಕೊಟ್ಟರೆ ಸಂಜೆಯೊಳಗೆ ಫಾರ್ಮ್ಯಾಟು ಮಾಡಿ ಹೊಸದರಂತೆ ಕೊಡುತ್ತೇನೆ ಎಂದು. ಅವನ ಮಾತು ಸುಳ್ಳಲ್ಲ, ಯಂತ್ರವೇನೋ ಏಳುತ್ತಿತ್ತು. ರೋಗಿಯ ನೆನಪನ್ನೆಲ್ಲ ಅಳಿಸಿ ರೋಗಿಯನ್ನು ಎಬ್ಬಿಸಿ ಕೂರಿಸುವ ಈ ಚಿಕಿತ್ಸೆ ನಮ್ಮ ಊರುಗಳಲ್ಲಿ ಎಷ್ಟು ಮನೆಗಳ ಬರಹವನ್ನೂ ಭಾವಚಿತ್ರಗಳನ್ನೂ ನುಂಗಿದೆಯೋ ಲೆಕ್ಕವಿಟ್ಟವರಿಲ್ಲ. ಅವಸರದ ಫಾರ್ಮ್ಯಾಟಿನಲ್ಲಿ ಅಳಿಯುವುದು ಬಹುಮಟ್ಟಿಗೆ ಸೂಚಿ ಮಾತ್ರ. ಪುಸ್ತಕಭಂಡಾರದ ಸೂಚೀಪಟ್ಟಿಯನ್ನು ಸುಟ್ಟರೂ ಪುಸ್ತಕಗಳು ಕಪಾಟಿನಲ್ಲಿಯೇ ಇರುವಂತೆ ಬರಹವು ಡಿಸ್ಕಿನಲ್ಲಿ ಉಳಿದಿರುತ್ತದೆ. ಆದರೆ ಅದರ ಮೇಲೆ ವಿಂಡೋಸನ್ನು ಹೊಸದಾಗಿ ಹೂಡಿದಾಗ, ಹೊಸ ಪುಸ್ತಕಗಳು ಹಳೆಯವುಗಳ ಸ್ಥಳವನ್ನೇ ಆಕ್ರಮಿಸುತ್ತವೆ. ಆಮೇಲೆ ಹುಡುಕಿ ಫಲವಿಲ್ಲ.

ಉಪಾಧ್ಯಾಯರ ತಂಗಿಯ ಮೊಮ್ಮಗನೊಬ್ಬ ಶಿವಮೊಗ್ಗೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದನು. ಅವನು ಬರುವವರೆಗೆ ಯಂತ್ರವನ್ನು ಮುಟ್ಟದಿರಲು ಮನೆಯವರು ಒಪ್ಪಿದುದು ದೊಡ್ಡದು. ಹತ್ತು ಸಲ ಗುಂಡಿಯೊತ್ತಿ ನೋಡುವ ಚಾಪಲ್ಯವನ್ನು ಗೆಲ್ಲುವುದು ಸುಲಭವಲ್ಲ. ಹುಡುಗನು ಬಂದವನೇ ವಿದ್ಯುತ್ತಿನ ತಂತಿಯನ್ನು ಕಿತ್ತು, ಪಕ್ಕದ ತಗಡನ್ನು ಬಿಚ್ಚಿದನು. ಹದಿನಾಲ್ಕು ವರ್ಷಗಳ ಧೂಳು, ಒಂದು ಜೇಡರ ಬಲೆ, ಎರಡು ಹಲ್ಲಿಯ ಮೊಟ್ಟೆಯ ಚಿಪ್ಪು ಹೊರಬಂದುವು. ಮೊದಲ ಸಲ ಹಚ್ಚಿದಾಗ ಯಂತ್ರವು ಉದ್ದನೆಯ ದನಿಯಲ್ಲಿ ಮತ್ತೆ ಮತ್ತೆ ಕೂಗಿಕೊಂಡಿತು.

“ತೆರೆಯಲ್ಲಿ ಹೇಳಲಿಕ್ಕೆ ಆಗದೆ ಕೂಗಿ ಹೇಳ್ತಿದೆ ಅಜ್ಜಯ್ಯ. ನೆನಪಿನ ಪಟ್ಟಿ ಸರಿಯಾಗಿ ಕೂತಿಲ್ಲ ಅಂತ ಅದರ ಅರ್ಥ.”

“ಹಾಗಾದರೆ ಹಾಡು ಹೋಯಿತೇನೋ ತಮ್ಮಾ?”

“ಹಾಡು ಇರೋದು ಇದರಲ್ಲಲ್ಲ. ಡಿಸ್ಕಿನಲ್ಲಿ.”

ಈ ಭೇದವನ್ನು ಎಷ್ಟೋ ವಿದ್ಯಾವಂತರೂ ಅರಿತಿರುವುದಿಲ್ಲ. ನೆನಪಿನ ಪಟ್ಟಿಯೆಂಬುದು ಹೆಸರಿಗೆ ನೆನಪು. ವಿದ್ಯುತ್ತು ನಿಂತೊಡನೆ ಎಲ್ಲವನ್ನೂ ಮರೆಯುವಂಥದು. ಹುಡುಗನು ಪಟ್ಟಿಯನ್ನು ಹೊರತೆಗೆದು, ಶಾಲೆಯ ಮಕ್ಕಳ ರಬ್ಬರಿನಿಂದ ಅದರ ಚಿನ್ನದ ಬಣ್ಣದ ಅಂಚನ್ನು ಉಜ್ಜಿ, ಮತ್ತೆ ಒತ್ತಿ ಕೂರಿಸಿದನು. ಮಳೆಗಾಲದ ತೇವದಲ್ಲಿ ಅಂಚಿಗೆ ಹಿಡಿಯುವ ಮಾಲಿನ್ಯವೇ ಅನೇಕ ಯಂತ್ರಗಳ ಮೂರ್ಛೆಗೆ ಕಾರಣ. ತೆರೆ ಬೆಳಗಿತು. ಒಳಗಿನ ಗಡಿಯಾರವನ್ನು ನಡೆಯಿಸುವ ಮೂರು ವೋಲ್ಟಿನ ಗುಂಡಿಯಾಕಾರದ ಕೋಶವು ತೀರಿಹೋಗಿದ್ದುದರಿಂದ ಯಂತ್ರಕ್ಕೆ ತೇದಿಯ ಜ್ಞಾನವೂ ತಪ್ಪಿತ್ತು. ಆದರೆ ವಿಂಡೋಸು ಬರಲಿಲ್ಲ. ಕರೆತರಬೇಕಾದ ಕಡತವೇ ಕಾಣೆಯಾಗಿದೆಯೆಂದು ಕಪ್ಪು ತೆರೆಯ ಮೇಲೆ ಇಂಗ್ಲಿಷಿನ ಒಂದು ಸಾಲು ನಿಂತಿತು.

ಡಿಸ್ಕೇ ಜೀರ್ಣವಾಗಿದೆಯೆಂದು ಹುಡುಗನು ಊಹಿಸಿದನು. ಅಲ್ಲಿಯೇ ತಿದ್ದುವ ಸಾಧನಗಳು ವಿಂಡೋಸಿನಲ್ಲಿಯೇ ಉಂಟು. ಸಾಯುತ್ತಿರುವ ಡಿಸ್ಕಿನ ಮೇಲೆ ಅವನ್ನು ಪ್ರಯೋಗಿಸಿದರೆ ಉಳಿದುದೂ ಕೆಡಬಹುದು. ಆದುದರಿಂದ ಅವನು ಡಿಸ್ಕನ್ನು ಕಳಚಿ, ಒಂದು ಜೋಡುತಂತಿಯ ಮೂಲಕ ತನ್ನ ಲ್ಯಾಪ್‌ಟಾಪಿಗೆ ಸೇರಿಸಿ, ಅದರಲ್ಲಿ ಏನನ್ನೂ ಬರೆಯದೆ ಓದಿ ಮಾತ್ರ ಪ್ರತಿ ತೆಗೆಯಲು ತೊಡಗಿದನು. ಬಳಸಿದುದು ಲಿನಕ್ಸಿನಲ್ಲಿ ನಡೆಯುವ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ.

ಇದರ ನಡೆ ಹಳೆಯ ಲಿಪಿಕಾರರ ನಡೆಯಂತಿದೆ. ಹುಳು ತಿಂದ ಓಲೆಗರಿಯ ಕಟ್ಟನ್ನು ಪ್ರತಿಮಾಡುವ ವಿವೇಕಿಯು ಒಂದು ಹರಿದ ಗರಿಯ ಮುಂದೆ ದಿನವೆಲ್ಲ ಕುಳಿತುಬಿಡುವುದಿಲ್ಲ. ಸಲೀಸಾಗಿ ಓದಬರುವ ಗರಿಗಳನ್ನು ಮೊದಲು ಬರೆದುಕೊಂಡು, ಕೆಟ್ಟವನ್ನು ಗುರುತುಮಾಡಿಟ್ಟು, ಆಮೇಲೆ ಮಸಿ ಬಳಿದು, ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರವನ್ನು ಬಿಡಿಸುತ್ತಾನೆ. ಈ ತಂತ್ರಾಂಶವೂ ಹಾಗೆಯೇ. 80 ಗಿಗಾಬೈಟಿನ ಆ ಡಿಸ್ಕಿನಲ್ಲಿ 15 ಕೋಟಿಗೂ ಮಿಕ್ಕ ತುಣುಕುಗಳಿದ್ದುವು. ಒಳ್ಳೆಯ ಭಾಗವೆಲ್ಲ ಕೆಲವು ಗಂಟೆಗಳಲ್ಲಿ ದೊರೆಯಿತು; ಉಳಿದ ಅತ್ಯಲ್ಪ ಭಾಗಕ್ಕೆ ರಾತ್ರಿಯೆಲ್ಲ ಹಿಡಿಯಿತು. ನಡುವೆ ಎರಡು ಸಲ ವಿದ್ಯುತ್ತು ಹೋಯಿತು. ಎಲ್ಲಿಗೆ ನಿಂತಿತೆಂಬ ಲೆಕ್ಕವನ್ನು ಅದು ಬರೆದಿಟ್ಟುಕೊಳ್ಳುವುದರಿಂದ ಕೆಲಸವು ಮೊದಲಿನಿಂದ ಆರಂಭವಾಗಬೇಕಾಗಲಿಲ್ಲ. ಉಪಾಧ್ಯಾಯರು ಮೂರು ಸಲ ಎದ್ದುಬಂದು, ಏನನ್ನೂ ಕೇಳದೆ ನೋಡಿಹೋದರು.

ಬೆಳಿಗ್ಗೆ ಪ್ರತಿಯೊಳಗಿನ ಮೊದಲ ಹಾಡನ್ನು ತೆರೆದಾಗ ಅವರ ಮುಖ ಕಂದಿತು. ರೋಮನ್ ಅಕ್ಷರಗಳು, ತಲೆಯ ಮೇಲೆ ಗೀಟುಳ್ಳ ‘ಎ’ಗಳು, ಪೌಂಡಿನ ಚಿಹ್ನೆಗಳು ಸಂತೆಯಂತೆ ನೆರೆದಿದ್ದುವು. ವಾಸ್ತವವಾಗಿ ಏನೂ ಕೆಟ್ಟಿರಲಿಲ್ಲ. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಬರಹ, ನುಡಿಗಳಂಥ ತಂತ್ರಾಂಶಗಳ ಹಳೆಯ ಅಚ್ಚಿನಲ್ಲಿ ಬರೆದವರೇ ಬಹಳ. ಅವುಗಳಲ್ಲಿ ಕನ್ನಡದ ಆಕೃತಿಗಳು ರೋಮನ್ ಅಕ್ಷರಗಳ ಪೀಠದಲ್ಲಿ ಕುಳಿತಿರುತ್ತವೆ. ನುಡಿಯ ಅಚ್ಚು ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದವೇ ಪಿ ಅಕ್ಷರದಿಂದ ಮೊದಲಾಗಿ, ನಡುವೆ ಪೌಂಡನ್ನು ಹೊತ್ತು ತೋರುವುದು! ಹುಡುಗನು ಆ ಅಚ್ಚನ್ನು ಸೇರಿಸಿದೊಡನೆ ತಾಯಿಯ ಹಾಡು ಇದ್ದಂತೆಯೇ ಮೈದೋರಿತು.

ತರುವಾಯ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದರು. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಹೊಸದರಲ್ಲಿ ಉಚ್ಚಾರದಂತೆ ಮೊದಲು. ಪರಿವರ್ತನೆಯಲ್ಲಿ ಪಾರ್ವತಿಯೂ ಅರ್ಜುನನೂ ಕೆಲವೆಡೆ ವಿರೂಪಗೊಂಡರು; ಅವರನ್ನು ತಿದ್ದುತ್ತ ಉಪಾಧ್ಯಾಯರಿಗೆ ಶ್ರಾವಣವೆಲ್ಲ ಕಳೆಯಿತು. ಡಿಸ್ಕಿನ ಕೆಟ್ಟ ತುಣುಕುಗಳಲ್ಲಿದ್ದ ಎರಡು ಹಾಡುಗಳು ಮಾತ್ರ ಪೂರ್ತಿಯಾಗಿ ಬರಲಿಲ್ಲ. ಒಂದರ ಕೊನೆಯ ನುಡಿಯನ್ನು ತಂಗಿಯು ಫೋನಿನಲ್ಲಿ ಹಾಡಿ ಬರೆಸಿದರು; ಜೊತೆಗೆ, ಅಣ್ಣ ಬರೆದುಕೊಂಡಿದ್ದ ಬೇರೆ ಮೂರು ಹಾಡುಗಳ ಪಾಠ ತಪ್ಪೆಂದೂ, ಅಮ್ಮ ಹಾಗೆ ಹೇಳುತ್ತಿರಲೇ ಇಲ್ಲವೆಂದೂ ವಾದಿಸಿದರು. ಆ ಪಾಠಾಂತರಗಳನ್ನೂ ಕೆಳಗೆ ಬರೆದುಕೊಂಡದ್ದಾಯಿತು. ಇನ್ನೊಂದು, ಬೀಸುವಾಗಿನ ಪದ, ತಂಗಿಗೂ ನೆನಪಿರಲಿಲ್ಲ. ಅದರ ನಾಲ್ಕು ಸಾಲಿನಷ್ಟು ಸ್ಥಳವನ್ನು ಖಾಲಿಯಾಗಿಯೇ ಬಿಟ್ಟು, ಮುಂದಿನ ಹಾಡನ್ನು ಹೊಸ ಪುಟದಲ್ಲಿ ಪ್ರಾರಂಭಿಸಿದ್ದಾರೆ.