ಮಜ್ಜಿಗೆ ಕುಡಿದ ಚವಳಿಕಾಯಿ

ಬೀನ್ಸ್ ಮದುವೆಗೆ ಹೋಗುತ್ತದೆ, ಚವಳಿಕಾಯಿ ಹೊಲದ ಬುತ್ತಿಗೆ ಹೋಗುತ್ತದೆ. ನಮ್ಮ ಮೋಟೆಬೆನ್ನೂರಿನ ಕಡೆ ತರಕಾರಿಗಳ ಅಂತಸ್ತು ಎಂದೋ ಹೀಗೆ ನಿಕ್ಕಿಯಾಗಿಬಿಟ್ಟಿದೆ. ಪಲಾವಿನೊಳಗೆ ಗಜ್ಜರಿಯ ಜೋಡಿ ಮೆರೆಯುವ ಬೀನ್ಸಿಗೆ ಇರುವ ಮರ್ಯಾದೆ, ಮೈಸೂರು ಕಡೆಯವರು ಗೋರಿಕಾಯಿ ಎನ್ನುವ ಈ ಬಡಪಾಯಿಗೆ ಇಲ್ಲ. ಬೀಗರು ಬರುವ ದಿನ ಒಲೆಯ ಮೇಲೆ ಚವಳಿಕಾಯಿ ಪಲ್ಯ ಕಂಡರೆ ಮನೆಯ ಹಿರಿಯರು ಸುಮ್ಮನಿರುವುದಿಲ್ಲ: "ಮಂದಿ ಏನಂದಾರು? ಬ್ಯಾರೆ ಕಾಯಿಪಲ್ಲೆ ಸಿಗಲಿಲ್ಲೇನು?" ಪಾಪ, ಅದರ ತಪ್ಪಾದರೂ ಏನು? ಗಿಡಕ್ಕೆ ನೀರು ಹೆಚ್ಚು ಬೇಡ, ಒಳ್ಳೆಯ ಮಣ್ಣೇ ಬೇಕೆಂಬ ಹಟವಿಲ್ಲ, ಗೊಂಚಲು ಗೊಂಚಲಾಗಿ ಕಾಯಿ ಬಿಡುತ್ತದೆ. ಕಡಿಮೆ ಕೇಳಿ ಹೆಚ್ಚು ಕೊಡುವವರಿಗೆ ಎಲ್ಲ ಕಡೆಯೂ ಇದೇ ಗತಿ.

ತಮಾಷೆಯೆಂದರೆ, ಮದುವೆಮನೆಗೆ ಚವಳಿಕಾಯಿ ಹಿತ್ತಲ ಬಾಗಿಲಿನಿಂದ ಬಂದೇ ಇರುತ್ತದೆ. ಊಟದ ಕೊನೆಗೆ ಕೊಡುವ ಐಸ್‌ಕ್ರೀಮಿನ ಡಬ್ಬಿಯ ಸಣ್ಣಕ್ಷರ ಓದಿ ನೋಡಿ, ಬಹಳ ಸಲ 412 ಎಂಬ ಅಂಕಿ ಸಿಗುತ್ತದೆ. ಅದು ಗ್ವಾರ್ ಗಮ್, ಅಂದರೆ ಬಲಿತ ಚವಳಿಬೀಜದಿಂದ ತೆಗೆದ ಅಂಟು. ಈ ಬೆಳೆಯ ಬಹುಪಾಲು ಭಾರತದ್ದು, ಅದರಲ್ಲೂ ರಾಜಸ್ಥಾನದ ಮರಳು ಹೊಲಗಳದ್ದು. ಬಂಡೆ ಸೀಳಿ ತೈಲ, ಅನಿಲ ತೆಗೆಯುವ ಅಮೆರಿಕದ ಕಂಪನಿಗಳು ಇದೇ ಅಂಟಿಗೆ ಮುಗಿಬಿದ್ದಾಗ ಗ್ವಾರ್ ಬೆಲೆ ಹುಚ್ಚೆದ್ದು ಏರಿ, 2012ರಲ್ಲಿ ಅದರ ಮುಂಗಡ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಬೀಗರ ಮುಂದಿಡಲು ನಾವು ನಾಚಿದ ಕಾಯಿಯ ಅಣ್ಣತಮ್ಮಂದಿರು ಆಗ ಅಮೆರಿಕದ ಪಾತಾಳಕ್ಕೆ ಇಳಿಯುತ್ತಿದ್ದರು.

ನನಗೆ ಅದರ ಮೇಲೆ ಗೌರವ ಹುಟ್ಟಿದ್ದು ಮಾತ್ರ ಈ ಅಂಟಿನಿಂದಲ್ಲ, ಬಾಳಕದಿಂದ, ಅಂದರೆ ಮಜ್ಜಿಗೆಯಲ್ಲಿ ನೆನೆಸಿ ಬಿಸಿಲಿಗೆ ಒಣಗಿಸಿದ ಕಾಯಿಯಿಂದ. ಶಿವರಾತ್ರಿ ಮುಗಿದು ಯುಗಾದಿ ಸಮೀಪಿಸಿದರೆ ನಮ್ಮ ಸೀಮೆಯಲ್ಲಿ ಬಿಸಿಲು ಸುಮ್ಮನೆ ಬೀಳುವುದಿಲ್ಲ, ಕೆಲಸಕ್ಕೆ ಬರುತ್ತದೆ. ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ಹೊರಳಿದರೆ ಕಣಗಳ ತುಂಬ ಮೆಣಸಿನಕಾಯಿ ಕೆಂಪಗೆ ಹಾಸಿಕೊಂಡಿರುತ್ತದೆ. ಖಾರ ಕಡಿಮೆ, ಬಣ್ಣ ಗಾಢ, ಮೈಯೆಲ್ಲ ಸುಕ್ಕು; ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತು. ಊರ ಮನೆಗಳ ಮೇಲೆ ಅದೇ ಬಿಸಿಲಿಗೆ ಶಾವಿಗೆ, ಹಪ್ಪಳ, ಸಂಡಿಗೆ ಸಾಲು ಹಚ್ಚುತ್ತವೆ. ಮೂಲೆಯ ಹಳೆ ಸೀರೆಯ ಮೇಲೆ ಚವಳಿಕಾಯಿ. ಬೀನ್ಸಿಗೆ ಅಲ್ಲಿ ಜಾಗವಿಲ್ಲ. ಅದರ ಮೈಯಲ್ಲಿ ನೂರಕ್ಕೆ 90ರಷ್ಟು ನೀರು, ಚವಳಿಕಾಯಿಯಲ್ಲಿ 80ರ ಆಸುಪಾಸು. ನೀರು ಹೋದ ಮೇಲೆ ಬೀನ್ಸಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಚವಳಿಕಾಯಿಯಲ್ಲಿ ಇನ್ನೂ ಅಗಿಯಲಿಕ್ಕೆ ಏನೋ ಇರುತ್ತದೆ.

ಬಾಳಕಕ್ಕೆ ಕಾಯಿ ಆರಿಸುವುದೇ ಒಂದು ವಿದ್ಯೆ. ಬೆರಳಲ್ಲಿ ಬಗ್ಗಿಸಿದರೆ ಟಪ್ಪನೆ ಮುರಿಯಬೇಕು. ಮುರಿಯದೆ ನಾರಿನಲ್ಲಿ ಜೋತುಬಿದ್ದರೆ ಅದನ್ನು ಬೀಜಕ್ಕೇ ಬಿಡಬೇಕಾಗಿತ್ತು. ಅವ್ವ ಸಂತೆಯಲ್ಲಿ ಬುಟ್ಟಿಯ ಮುಂದೆ ಕುಳಿತು ಹೀಗೆ ಕಾಯಿ ಮುರಿಯತೊಡಗಿದರೆ ಮಾರುವವಳ ಮುಖ ಗಂಟಾಗುತ್ತಿತ್ತು. ತೊಟ್ಟು, ತುದಿ ಚಿವುಟಿ, ಮಗ್ಗುಲ ನಾರು ಎಳೆದು, ಕುದಿಯುವ ಉಪ್ಪುನೀರಿಗೆ ಹಾಕಬೇಕು. ಹಸಿರು ಒಮ್ಮೆ ಗಾಢವಾಗಿ ಹೊಳೆಯುತ್ತದಲ್ಲ, ಅದೇ ಗಳಿಗೆ, ಜರಡಿಗೆ ಬಸಿಯಬೇಕು. ತಡವಾದರೆ ಕಾಯಿ ಮೆತ್ತಗಾಗಿ ಪಲ್ಯವಾಗುತ್ತದೆ. ಕುದಿಸದೇ ಒಣಗಿಸಿದರೆ ಕಾಯಿಯೊಳಗಿನ ಕಿಣ್ವಗಳು ಸಾಯುವುದಿಲ್ಲ. ಡಬ್ಬಿಯೊಳಗೆ ಕುಳಿತು ಬಣ್ಣ, ವಾಸನೆ ಎರಡನ್ನೂ ಕೆಡಿಸುತ್ತವೆ. ಅವ್ವನಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ. "ಹಸೀದು ಹಂಗ ಒಣಗಿಸಿದ್ರ ಹುಲ್ಲು ಆಕ್ಕೈತಿ" ಎಂದಷ್ಟೇ ಹೇಳುತ್ತಿದ್ದಳು.

ಆಮೇಲೆ ಮಜ್ಜಿಗೆ. ಮಕ್ಕಳು ಕುಡಿಯಲು ಮುಖ ಸಿಂಡರಿಸುವಷ್ಟು ಹುಳಿಯಾದ, ಗಟ್ಟಿ ಮಜ್ಜಿಗೆ. ಅದಕ್ಕೆ ಉಪ್ಪು, ಹಿಂಗು, ಹಸಿಮೆಣಸಿನಕಾಯಿ ಜೀರಿಗೆ ಅರೆದ ಖಾರ. ರಾತ್ರಿಯೆಲ್ಲ ಕಾಯಿ ಮಜ್ಜಿಗೆಯಲ್ಲಿ, ಹಗಲೆಲ್ಲ ಬಿಸಿಲಲ್ಲಿ. ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಬೋಗುಣಿಯ ಮಜ್ಜಿಗೆ ಪೂರ್ತಿ ಬರಿದಾಗುವವರೆಗೂ ಈ ಓಡಾಟ. ಹುಳಿ ತಾಕಿದ ಕೂಡಲೇ ಎಲೆಹಸಿರಿನ ನಡುವೆ ಕುಳಿತ ಮೆಗ್ನೀಷಿಯಂ ಜಾಗ ಬಿಡುತ್ತದೆ, ಹಸಿರು ಹೋಗಿ ಕಂದುಹಸಿರು ಬರುತ್ತದೆ. ನೋಡಲು ಚಂದವಿಲ್ಲ. ಆದರೆ ಅರ್ಧ ಒಣಗಿದ, ಹೊರಗೆ ಗರುಕು, ಒಳಗೆ ಇನ್ನೂ ಹುಳಿಹುಳಿ ಮೆತ್ತಗಿರುವ ಆ ಎರಡನೇ ದಿನದ ಬಾಳಕದ ರುಚಿ ಯಾವ ಅಡುಗೆ ಪುಸ್ತಕದಲ್ಲೂ ಇಲ್ಲ, ಏಕೆಂದರೆ ಅದನ್ನು ಯಾರೂ ಬಡಿಸಿ ತಿಂದಿಲ್ಲ, ಕದ್ದೇ ತಿಂದಿದ್ದಾರೆ. ಕಾಗೆ, ಮೇಕೆ ಬರದಂತೆ ಕಾಯಲು ಕೋಲು ಕೊಟ್ಟು ಕೂರಿಸುತ್ತಿದ್ದುದು ನಮ್ಮನ್ನೇ. ಕಾಗೆಗಿಂತ ಕಾವಲಿನವರೇ ಹೆಚ್ಚು ತಿನ್ನುತ್ತಾರೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

ಉಪ್ಪಿನ ಮಾತು ಬಂದರೆ ನಮ್ಮೂರಿಗೆ ಮಾತಾಡುವ ಹಕ್ಕು ತುಸು ಹೆಚ್ಚೇ ಇದೆ. 1911ರಲ್ಲಿ ಇಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪ, 1930ರ ಮಾರ್ಚ್ 12ರಂದು ಸಾಬರಮತಿಯಿಂದ ಗಾಂಧೀಜಿಯ ಹಿಂದೆ ದಂಡಿಗೆ ಹೊರಟ ತಂಡದಲ್ಲಿದ್ದ ಒಬ್ಬನೇ ಕನ್ನಡಿಗ. ಇನ್ನೂ 19 ತುಂಬದ ಹುಡುಗ. ಏಪ್ರಿಲ್ 6ಕ್ಕೆ ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದರು, 13ಕ್ಕೆ ನಮ್ಮ ಅಂಕೋಲೆಯ ಕಡಲಲ್ಲೂ ಜನ ಉಪ್ಪಿನ ಕಾನೂನು ಮುರಿದರು. ತಿಂಗಳು ನೋಡಿ: ಸರಿಯಾಗಿ ಬಾಳಕದ ಸುಗ್ಗಿ. ಕಡಲ ನೀರನ್ನು ಒಣಗಿಸುವ ಬಿಸಿಲೇ ಕಾಯಿಯನ್ನೂ ಒಣಗಿಸುತ್ತದೆ. ಉಪ್ಪು ಬರೀ ರುಚಿಯ ವಸ್ತುವಾಗಿದ್ದರೆ ಅದರ ಮೇಲಿನ ತೆರಿಗೆ ದೇಶಕ್ಕೆ ಅಷ್ಟು ಸುಡುತ್ತಿರಲಿಲ್ಲ. ಬಡವರ ಮನೆಯಲ್ಲಿ ಮೀನು, ಮಾವು, ಮೆಣಸಿನಕಾಯಿ, ಚವಳಿಕಾಯಿ ಎಲ್ಲವೂ ಮಳೆಗಾಲದವರೆಗೆ ಬದುಕುವುದು ಉಪ್ಪಿನ ಆಸರೆಯಲ್ಲಿ. ಅದರ ಮೇಲೆ ತೆರಿಗೆ ಹಾಕುವುದೆಂದರೆ ನಾಳೆಯ ಊಟಕ್ಕೆ ಇವತ್ತೇ ಸುಂಕ ಕೇಳುವುದು. ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದದ್ದೂ ಕಂದಾಯ ವಸೂಲಿಯ ಠಾಣ್ಯದ ಮೇಲೆ ಸಂಗಡಿಗರೊಡನೆ ಎರಗಿದಾಗ. ಹಾವೇರಿಯ ರೈಲು ನಿಲ್ದಾಣಕ್ಕೆ ಈಗ ಅವರದೇ ಹೆಸರು. ಬಾಳಕಕ್ಕೆ ಉಪ್ಪು ಬೆರೆಸುವಾಗ ನಮ್ಮವ್ವ ಅವರನ್ನು ನೆನೆಯುತ್ತಿದ್ದಳು ಎಂದೇನಲ್ಲ. ಆದರೆ ಉಪ್ಪು ಕೆಳಗೆ ಚೆಲ್ಲಿದರೆ ಬೈಗುಳ ಮಾತ್ರ ಗ್ಯಾರಂಟಿ ಇತ್ತು.

ಹಸಿರು ಕಾಯಿಯನ್ನು ಉಳಿಸುವ ಚಿಂತೆ ನಮ್ಮೊಬ್ಬರದೇ ಅಲ್ಲ. ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿಗಾರ ಬಟಾಣಿ, ಬೀನ್ಸುಗಳನ್ನು ಗಾಜಿನ ಶೀಶೆಗೆ ತುಂಬಿ, ಬಿರಡೆ ಬಡಿದು, ಕುದಿಸಿ ಇಡುವ ಉಪಾಯ ಕಂಡುಹಿಡಿದ. ಅದಕ್ಕೆ 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಸಿಕ್ಕಿತು. ನೆಪೋಲಿಯನ್ನನ ಸೈನ್ಯಕ್ಕೆ ಕೆಡದ ಊಟ ಬೇಕಾಗಿತ್ತು. ಈ ಶೀಶೆಯ ವಿದ್ಯೆಗೆ ಒಂದು ಗಂಡಾಂತರವೂ ಉಂಟು. ಬೀನ್ಸಿನಲ್ಲಿ ಹುಳಿಯಿಲ್ಲ. ಗಾಳಿಯಾಡದ, ಹುಳಿಯಿಲ್ಲದ, ತೇವದ ಜಾಗ ಬೊಟುಲಿಸಂ ತರುವ ಸೂಕ್ಷ್ಮಾಣುವಿಗೆ ತವರುಮನೆ. ಅದರ ಬೀಜಕಣಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ, ಒತ್ತಡದ ಪಾತ್ರೆಯಲ್ಲಿ 116 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಕಾಯಿಸಲೇಬೇಕು. ವಿಡಿಯೊ ನೋಡಿ ಮನೆಯಲ್ಲೇ ಬೀನ್ಸ್ ಶೀಶೆ ತುಂಬಲು ಹೊರಟವರು ಇದನ್ನು ಮರೆಯಬಾರದು. ಬಾಳಕದ ಜಾಣತನ ಇರುವುದು ಇಲ್ಲೇ. ಮಜ್ಜಿಗೆಯ ಹುಳಿ ಒಂದು ಬಾಗಿಲು ಮುಚ್ಚುತ್ತದೆ, ಉಪ್ಪು ಇನ್ನೊಂದನ್ನು. ತೇವ ನೂರಕ್ಕೆ 10ರ ಕೆಳಗಿಳಿಸಿ ಬಿಸಿಲು ಮೂರನೆಯದಕ್ಕೆ ಅಗಳಿ ಹಾಕುತ್ತದೆ. ಬೂಷ್ಟು ಬರಲಿಕ್ಕೆ ದಾರಿ ಎಲ್ಲಿ?

ಅಮೆರಿಕದ ಅಪಲೇಶಿಯನ್ ಗುಡ್ಡಗಾಡಿನ ಮಂದಿ ಎಳೆ ಬೀನ್ಸನ್ನು ಸೂಜಿದಾರದಲ್ಲಿ ಪೋಣಿಸಿ ಒಲೆಯ ಹತ್ತಿರವೋ ಪಡಸಾಲೆಯಲ್ಲೋ ಜೋತುಬಿಟ್ಟು ಒಣಗಿಸುತ್ತಾರೆ. ಒಣಗಿ ತೊಗಲಿನಂತಾಗುವ ಅದಕ್ಕೆ ಅವರು ಇಟ್ಟ ಹೆಸರು 'ಲೆದರ್ ಬ್ರಿಚಸ್', ಅಂದರೆ ತೊಗಲಿನ ಚಣ್ಣ. ಚಳಿಗಾಲದಲ್ಲಿ ಅದನ್ನು ನೆನೆಹಾಕಿ, ಹಂದಿಮಾಂಸದ ತುಂಡಿನೊಡನೆ ತಾಸುಗಟ್ಟಲೆ ಬೇಯಿಸುತ್ತಾರೆ. ಅವರಿಗೆ ಹಿಮದ ತಿಂಗಳ ಭಯ, ನಮಗೆ ಆರಿದ್ರಾ ಮಳೆಯ ಭಯ. ಅಂಗಡಿಯಲ್ಲಿ ವರ್ಷವಿಡೀ ಬೀನ್ಸ್ ಸಿಗುವ ಈ ಕಾಲದಲ್ಲೂ ಅಲ್ಲಿ ಕೆಲವರು ಪೋಣಿಸುವುದನ್ನು ಬಿಟ್ಟಿಲ್ಲ.

ಇಲ್ಲೇ ನನ್ನ ತಕರಾರು ಶುರುವಾಗುತ್ತದೆ. ಬಾಳಕವನ್ನು ಬಡತನದ ಉಪಾಯ ಎಂದು ಕೈಬಿಟ್ಟವರು, ಫ್ರಿಜ್ ಬಂದ ಮೇಲೆ ಅದರ ಗೊಡವೆ ಏಕೆ ಎನ್ನುತ್ತಾರೆ. ಫ್ರಿಜ್ ಕಾಯಿಯನ್ನು ಇದ್ದಂತೆಯೇ ಇಡುತ್ತೇನೆಂದು ಮಾತು ಕೊಡುತ್ತದೆ, ಉಳಿಸಿಕೊಳ್ಳುವುದಿಲ್ಲ. ಬೀನ್ಸಿಗೆ 5 ಡಿಗ್ರಿಗಿಂತ ಕೆಳಗಿನ ಚಳಿ ಆಗಿಬರುವುದಿಲ್ಲ. ನಾಲ್ಕಾರು ದಿನ ಕಳೆದರೆ ಮೈಮೇಲೆ ತುಕ್ಕಿನ ಚುಕ್ಕೆ ಏಳುತ್ತವೆ. ಫ್ರೀಜರಿನಲ್ಲಿಟ್ಟರೆ ನೀರು ಹರಳಾಗಿ ಒಳಗೋಡೆ ಸೀಳುತ್ತದೆ, ಹೊರಗೆ ತೆಗೆದ ಮೇಲೆ ಕಾಯಿ ಸೋತು ಜೋಲುತ್ತದೆ. ತಾಜಾತನದ ಹಂಬಲದಲ್ಲಿ ಹಳಸಿದ ತಾಜಾ ಕಾಯಿ ತಿನ್ನುವ ಯೋಗ ನಮ್ಮದಾಗಿದೆ. ಬಾಳಕ ಅಂಥ ಮಾತು ಕೊಡುವುದೇ ಇಲ್ಲ. ಹಸಿರು ಹೋಗುತ್ತದೆ, ಗಾತ್ರ ಹೋಗುತ್ತದೆ, ಮೈ ಸುಕ್ಕಾಗುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕೆಲಸಕ್ಕೆ ಕೂರುತ್ತದೆ. ಕೊನೆಗೆ ಸಿಗುವುದು ಚವಳಿಕಾಯಿಯ ನಕಲಲ್ಲ, ಬೇರೆಯೇ ಒಂದು ತಿನಿಸು. ಯಾವುದನ್ನಾದರೂ ಉಳಿಸಬೇಕಾದರೆ ಅದು ಬದಲಾಗಲು ಬಿಡಬೇಕು.

ಗಿಡಕ್ಕೂ ಈ ಗುಟ್ಟು ಗೊತ್ತು. ಕಾಯಿಯನ್ನು ಕೀಳದೆ ಬಿಟ್ಟರೆ ಅದು ತಾನೇ ಬಲಿತು, ಹಳದಿಗೆ ತಿರುಗಿ, ಒಣಗಿ ಗಲಗಲ ಎನ್ನುತ್ತದೆ. ಒಣಗಿದ ಸಿಪ್ಪೆಯೊಳಗೆ ಬೀಜ ಮುಂದಿನ ಮಳೆಗೆ ಕಾದು ಕೂರುತ್ತದೆ. ರಾಣೆಬೆನ್ನೂರಿನ ಸುತ್ತಲಿನ ಹಳ್ಳಿಗಳಲ್ಲಿ ತರಕಾರಿಯನ್ನು ತಿನ್ನಲಿಕ್ಕಲ್ಲ, ಬೀಜಕ್ಕೆಂದೇ ಬೆಳೆಯುವವರು ಬಹಳ. ಕೈಯಿಂದಲೇ ಹೂವಿಗೆ ಪರಾಗ ಮುಟ್ಟಿಸುವ ಅವರ ಹೊಲದಲ್ಲಿ ಹಣ್ಣು ತಿಂದು ಬೀಜ ಉಗುಳುವ ನಮ್ಮ ಲೆಕ್ಕ ತಿರುವುಮುರುವು: ಬೀಜವೇ ಬೆಳೆ, ಉಳಿದದ್ದು ಸಿಪ್ಪೆ. ಆ ಬೀಜವೂ ಚೀಲ ಸೇರುವ ಮುನ್ನ ಒಣಗಲೇಬೇಕು. ಎಳೆತನದಲ್ಲೇ ಕಾಯಿ ಕಿತ್ತು ಗಿಡದ ಕೆಲಸಕ್ಕೆ ಅಡ್ಡಬಂದವರು ನಾವು. ಬಾಳಕ ಮಾಡುವಾಗ ಅದೇ ಕೆಲಸವನ್ನು, ನಮ್ಮ ನಾಲಗೆಗೆ ಬೇಕಾದಂತೆ, ಮಾಡಿ ಮುಗಿಸುತ್ತೇವೆ ಅಷ್ಟೆ.

ಈಗ ಅಡುಗೆ. ಬಾಳಕದ ಡಬ್ಬಿಯನ್ನು ಮೃಗಶಿರಾ ಕೂಡುವ ಮುಂಚೆ ತೆರೆಯಬಾರದು. ಹೊರಗೆ ಜಿಟಿಜಿಟಿ ಹಿಡಿದ ದಿನ, ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿಕೊಂಡು ಕುಳಿತಾಗ ಎಣ್ಣೆ ಕಾಯಿಸಿ ಹಿಡಿಯಷ್ಟು ಬಿಡಬೇಕು. ಎಣ್ಣೆ ಹೊಗೆಯಾಡುವಂತಿದ್ದರೆ ಮಜ್ಜಿಗೆ ಕುಡಿದ ಕಾಯಿ ಕ್ಷಣದಲ್ಲಿ ಕರಕಾಗುತ್ತದೆ, ಉರಿ ಸಣ್ಣದಿರಲಿ. ಇನ್ನೊಂದು ಬಗೆಯೂ ಇದೆ: ಮಜ್ಜಿಗೆ ಇಲ್ಲದೆ, ಬರೀ ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿದ ಹೋಳುಗಳು. ಇವನ್ನು ಬಿಸಿನೀರಿನಲ್ಲಿ ನೆನೆಹಾಕಿ ಹಿಂಡಿ, ಬೆಳ್ಳುಳ್ಳಿ, ಉಳ್ಳಾಗಡ್ಡಿಯ ಒಗ್ಗರಣೆಗೆ ಹಾಕಿ, ಹುಣಸೆಹುಳಿ, ಚೂರು ಬೆಲ್ಲ, ಬ್ಯಾಡಗಿ ಖಾರಪುಡಿ, ಮೇಲೆ ಧಾರಾಳವಾಗಿ ಗುರೆಳ್ಳು ಪುಡಿ. ಉಪ್ಪು ಮಾತ್ರ ರುಚಿ ನೋಡಿಯೇ ಹಾಕಬೇಕು, ಅದು ಒಳಗೆ ಮೊದಲೇ ಇದೆ. ಖಡಕ್ ರೊಟ್ಟಿಯ ಜೊತೆ ಈ ಪಲ್ಯ ತಿಂದವರು ಬೀನ್ಸ್ ಪಲ್ಯದ ಮುಂದೆ ಮುಖ ಇಳಿಬಿಡುತ್ತಾರೆ.

ಮೋಟೆಬೆನ್ನೂರಿನ ಪಕ್ಕದಲ್ಲೇ ಹಾಯುವ 48ನೇ ಹೆದ್ದಾರಿಯಲ್ಲಿ ರಾತ್ರಿ ಬಸ್ಸು ಹತ್ತುವವರ ಚೀಲ ಬಿಚ್ಚಿ ನೋಡಿದರೆ, ಬಟ್ಟೆಯ ನಡುವೆ ಬಾಳಕದ ಡಬ್ಬಿ ಇಂದಿಗೂ ಸಿಕ್ಕೀತು. ಬೆಂಗಳೂರಿನ ಮಕ್ಕಳಿಗೆ ಚವಳಿಕಾಯಿ ಅಂಗಡಿಯಲ್ಲಿ ಸಿಗುತ್ತದೆ, ಮಜ್ಜಿಗೆ ಪಾಕೀಟಿನಲ್ಲಿ ಸಿಗುತ್ತದೆ, ಉಪ್ಪಿಗಂತೂ ಬರವಿಲ್ಲ. ಸಿಗದಿರುವುದು ಬಿಸಿಲು. ಅಪಾರ್ಟ್‌ಮೆಂಟಿನ ತಾರಸಿಗೆ ಬೀಗ, ಬಾಲ್ಕನಿಗೆ ಬಿಸಿಲು ಬರುವುದು ಒಂದು ಗಳಿಗೆ. ಹೀಗಾಗಿ ಸಂಬಳದ ಚೀಟಿಯಲ್ಲಿ ಹಿಂದುಳಿದ ನಮ್ಮೂರು ಈ ಒಂದು ಆಸ್ತಿಯಲ್ಲಿ ರಾಜಧಾನಿಗಿಂತ ಸಿರಿವಂತ. ಆದರೆ ಆಸ್ತಿ ಇದ್ದರೆ ಸಾಲದು, ಅದನ್ನು ಬಳಸುವ ಕಾಲ ತಿಳಿದಿರಬೇಕು. ಆಷಾಢದಲ್ಲಿ ನಿಂತು ಚೈತ್ರದ ಕಾಯಿಯೇ ಬೇಕೆನ್ನುವುದು ಹಟ. ಚೈತ್ರದಲ್ಲೇ ಕುಳಿತು ಆಷಾಢದ ಊಟ ನೆನೆಯುವುದು ಸಂಸಾರ. ಈ ಸಲ ಬೀಗರು ಮಳೆಗಾಲದಲ್ಲಿ ಬರಲಿ, ಪಲ್ಯ ಯಾವುದೆಂದು ನಾನೇ ಹೇಳುತ್ತೇನೆ.